ಚೆಲುವಿನ ಸುಂಕ

ಕೇಳುಗರಿಗೆ ನಮಸ್ಕಾರ.

1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ, ಮಹಿಳಾ ಸಂಘಟನೆಗಳು, ಸಂಪ್ರದಾಯವಾದಿ ಗುಂಪುಗಳು, ಹೀಗೆ ಬೇರೆ ಯಾವ ವಿಷಯದಲ್ಲೂ ಒಂದೇ ಕಡೆ ನಿಲ್ಲದವರೆಲ್ಲ ಅದನ್ನು ವಿರೋಧಿಸಿದರು. ಈಜುಡುಗೆಯ ಸುತ್ತನ್ನು ದೂರದ ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಬೇಕಾಯಿತು. ಆಗಿನ ವಾಗ್ವಾದ ಬಹುಮಟ್ಟಿಗೆ ಉಡುಗೆ, ಸಂಸ್ಕೃತಿ ಮತ್ತು ವಿದೇಶಿ ಬಂಡವಾಳದ ಸುತ್ತ ತಿರುಗಿತು. ಆದರೆ ಅದನ್ನು ದೂರದರ್ಶನದಲ್ಲಿ ನೋಡುತ್ತಿದ್ದ ಹುಡುಗಿಯರ ಕಣ್ಣಿಗೆ ಬಿದ್ದಿದ್ದು ಬೇರೆಯೇ ಇತ್ತು. ಎರಡು ವರ್ಷಗಳ ಹಿಂದೆ, 1994ರಲ್ಲಿ, ಸುಷ್ಮಿತಾ ಸೇನ್ ಭುವನಸುಂದರಿಯಾಗಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾಗಿ ಕಿರೀಟ ಧರಿಸಿದ್ದರು. ರೂಪದಿಂದಲೂ ಒಂದು ವೃತ್ತಿ, ಒಂದು ಸಂಪಾದನೆ, ಊರಿಂದಾಚೆಗೆ ಒಂದು ದಾರಿ ಸಾಧ್ಯವೆಂಬುದನ್ನು ಮಧ್ಯಮವರ್ಗದ ಮನೆಗಳು ಮೊದಲ ಬಾರಿಗೆ ಗಂಭೀರವಾಗಿ ಲೆಕ್ಕ ಹಾಕಿದ್ದು ಆ ವರ್ಷಗಳಲ್ಲಿ ಎಂದು ನನಗನ್ನಿಸುತ್ತದೆ.

ಸೌಂದರ್ಯದ ಮಾನದಂಡಗಳು ಯುವಜನರ ಮೇಲೆ ಬೀರುವ ಪ್ರಭಾವದ ಬಗ್ಗೆ ಮಾತನಾಡುವಾಗ ನಾವು ಹಿರಿಯರು ಸಾಮಾನ್ಯವಾಗಿ ಅದನ್ನು 'ಶೋಕಿ' ಎಂದು ತಳ್ಳಿಹಾಕುತ್ತೇವೆ. ನನಗೆ ಈ ಮಾತು ಅನ್ಯಾಯವೆನಿಸುತ್ತದೆ. ಮದುವೆ, ಉದ್ಯೋಗ, ಮನ್ನಣೆ ಇವುಗಳ ದಾರಿಯಲ್ಲಿ ಒಂದು ಸುಂಕದ ಕಟ್ಟೆಯಿದೆ ಎಂದು ಮಕ್ಕಳಿಗೆ ಕಲಿಸಿದವರು ನಾವೇ. ಅವರು ತಮ್ಮ ಕೈಲಾದಷ್ಟು ಸುಂಕ ತೆರುತ್ತಿದ್ದಾರೆ, ಅಷ್ಟೆ.

ಇದಕ್ಕೆ ಬಹಳ ಸ್ಪಷ್ಟವಾದ ಪುರಾವೆಯೊಂದು ಫಿಜಿ ದೇಶದಿಂದ ಬಂದಿದೆ. ಅಲ್ಲಿನ ನಾಡ್ರೋಗ ಪ್ರಾಂತ್ಯದಲ್ಲಿ ತುಂಬಿದ ಮೈಕಟ್ಟನ್ನೇ ಆರೋಗ್ಯ ಮತ್ತು ಆರೈಕೆಯ ಗುರುತೆಂದು ತಲೆಮಾರುಗಳಿಂದ ಭಾವಿಸಲಾಗಿತ್ತು. 1995ರಲ್ಲಿ ಅಲ್ಲಿಗೆ ಟೆಲಿವಿಷನ್ ಬಂದ ಹೊಸದರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆನ್ ಬೆಕರ್ ಅವರು ಶಾಲಾ ಬಾಲಕಿಯರನ್ನು ಸಮೀಕ್ಷೆಗೆ ಒಳಪಡಿಸಿದಾಗ, ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೇನೆ ಎಂದ ಒಬ್ಬ ಹುಡುಗಿಯೂ ಸಿಗಲಿಲ್ಲ. ಮೂರು ವರ್ಷಗಳ ನಂತರ, 1998ರಲ್ಲಿ, ಅದೇ ವಯಸ್ಸಿನ ಬಾಲಕಿಯರಲ್ಲಿ ಶೇ. 11.3ರಷ್ಟು ಮಂದಿ ಹಾಗೆ ಮಾಡುತ್ತಿರುವುದಾಗಿ ಹೇಳಿದರು. ಈ ಅಂಕಿ ಬಹಳ ಕಡೆ ಉಲ್ಲೇಖಗೊಂಡಿದೆ. ಅಷ್ಟಾಗಿ ಉಲ್ಲೇಖಗೊಳ್ಳದ ಸಂಗತಿಯೆಂದರೆ, ಧಾರಾವಾಹಿಗಳ ಪಾತ್ರಗಳಂತೆ ತೆಳ್ಳಗಾದರೆ ಒಳ್ಳೆಯ ಕೆಲಸ ಸಿಗಬಹುದೆಂಬ ಆಸೆಯನ್ನು ಆ ಬಾಲಕಿಯರಲ್ಲಿ ಹಲವರು ತೋಡಿಕೊಂಡಿದ್ದರು. ಪೇಟೆಯ ಉದ್ಯೋಗಗಳು ಕಣ್ಣಿಗೆ ಕಾಣತೊಡಗಿದ್ದ ಕಾಲದಲ್ಲಿ, ಆ ಉದ್ಯೋಗಕ್ಕೆ ಬೇಕಾದ ಮೈಕಟ್ಟು ಯಾವುದೆಂಬುದನ್ನು ಟಿ.ವಿ. ಪೆಟ್ಟಿಗೆಯಿಂದ ಅವರು ಓದಿಕೊಂಡಿದ್ದರು.

ನಮ್ಮಲ್ಲಿ ಈ ಪಾಠವನ್ನು ಮೈಬಣ್ಣದ ಮೂಲಕ ಹೇಳಿಕೊಡಲಾಯಿತು. ಬಿಳಿ ಬಣ್ಣದ ವ್ಯಾಮೋಹ ಮಾರುಕಟ್ಟೆ ಹುಟ್ಟಿಸಿದ್ದಲ್ಲ. ಜಾತಿಯ ಮೇಲುಕೀಳು, ಬಿಸಿಲಿನಲ್ಲಿ ದುಡಿಯುವವರ ಬಗೆಗಿನ ತಾತ್ಸಾರ, ಆಳಿ ಹೋದ ಪರಂಗಿಗಳ ನೆನಪು ಎಲ್ಲವೂ ಅದರಲ್ಲಿ ಬೆರೆತಿವೆ. ದ್ರೌಪದಿಗೆ ಕೃಷ್ಣೆ ಎಂಬ ಹೆಸರಿದೆ, ರಾಮ ಕೃಷ್ಣರಿಬ್ಬರೂ ಶ್ಯಾಮಲವರ್ಣದವರೆಂದು ಪುರಾಣಗಳು ಹೇಳುತ್ತವೆ. ಆದರೂ ದೇವರ ಬಣ್ಣ ಕಪ್ಪಾಗಿದ್ದರೆ ಚಿಂತೆಯಿಲ್ಲ, ಸೊಸೆ ಮಾತ್ರ ಬೆಳ್ಳಗಿರಬೇಕು. ಮಾರುಕಟ್ಟೆ ಮಾಡಿದ್ದೇನೆಂದರೆ, ಈ ಹಳೆಯ ಅಳುಕಿಗೆ ಬೆಲೆ ಕಟ್ಟಿ ಟ್ಯೂಬಿನಲ್ಲಿ ತುಂಬಿದ್ದು. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ'ಯ ಜಾಹೀರಾತುಗಳು ಹೇಳುತ್ತಿದ್ದ ಕತೆ ನಿಮಗೆ ಗೊತ್ತೇ ಇದೆ: ಕಪ್ಪಗಿದ್ದ ಹುಡುಗಿಗೆ ಕೆಲಸವಿಲ್ಲ, ವರನಿಲ್ಲ, ಕ್ರೀಮು ಹಚ್ಚಿ ಬೆಳ್ಳಗಾದ ಮೇಲೆ ಎರಡೂ ಉಂಟು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ಹೋರಾಟದಿಂದಾಗಿ 2003ರಲ್ಲಿ ಅಂಥ ಕೆಲವು ಜಾಹೀರಾತುಗಳು ತೆರೆಯಿಂದ ಮರೆಯಾದವು. 2005ರಲ್ಲಿ ಗಂಡಸರಿಗೆಂದೇ 'ಫೇರ್ ಅಂಡ್ ಹ್ಯಾಂಡ್ಸಮ್' ಬಂದಿತು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿಯು, ಕಪ್ಪು ಬಣ್ಣದವರನ್ನು ದುಃಖಿತರಂತೆ, ಸೋತವರಂತೆ ತೋರಿಸಬಾರದೆಂಬ ಮಾರ್ಗಸೂಚಿ ಹೊರಡಿಸಿತು. ಕೊನೆಗೆ 2020ರಲ್ಲಿ, ಅಮೆರಿಕದಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ನಂತರ ಎದ್ದ ಪ್ರತಿಭಟನೆಯ ಬಿಸಿ ಇಲ್ಲಿಗೂ ತಟ್ಟಿದಾಗ, ಕ್ರೀಮಿನ ಹೆಸರು 'ಗ್ಲೋ ಅಂಡ್ ಲವ್ಲಿ' ಎಂದು ಬದಲಾಯಿತು. ಅದೇ ವೇಳೆಗೆ ವಧೂವರರನ್ನು ಹುಡುಕಿಕೊಡುವ ಜಾಲತಾಣ ಶಾದಿ ಡಾಟ್ ಕಾಮ್, ಉತ್ತರ ಅಮೆರಿಕದಲ್ಲಿ ನೆಲೆಸಿದ ಭಾರತೀಯ ಮೂಲದ ಮಹಿಳೆಯರ ಒತ್ತಾಯದ ಮೇರೆಗೆ, ಮೈಬಣ್ಣವನ್ನು ಆಯ್ದು ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು.

ಇವನ್ನು ನಾನು ಸಣ್ಣ ಬದಲಾವಣೆಗಳೆಂದು ಹೇಳುವುದಿಲ್ಲ. ಆದರೆ ಹೆಸರು ಬದಲಾದ ಮಾತ್ರಕ್ಕೆ ಬೇಡಿಕೆ ಬದಲಾಗಲಿಲ್ಲ; 'ಬಿಳುಪು' ಎಂಬ ಮಾತು ಹೋಗಿ 'ಕಾಂತಿ', 'ಹೊಳಪು' ಬಂದವು, ಈಗ ಕೊರಿಯಾದ ಹುಡುಗಿಯರ ಗಾಜಿನಂಥ ತ್ವಚೆಯ ಸರದಿ ನಡೆದಿದೆ. ಹಿಂದೆ ಒಂದು ಟ್ಯೂಬಿನಲ್ಲಿ ಮುಗಿಯುತ್ತಿದ್ದ ಖರ್ಚು ಈಗ ಫೇಸ್‌ವಾಶ್, ಸೀರಮ್, ಸನ್‌ಸ್ಕ್ರೀನ್, ಫೇಸ್ ಮಾಸ್ಕ್ ಎಂದು ಕಪಾಟು ತುಂಬಿದೆ. ಮಾನದಂಡ ಬದಲಾಗುತ್ತಾ ಹೋದಷ್ಟೂ ಹಿಂದೆ ಕೊಂಡದ್ದು ಹಳತಾಗುತ್ತದೆ ಎಂಬುದನ್ನು ಮಾರುವವರು ಚೆನ್ನಾಗಿ ಬಲ್ಲರು.

ದೇಹದ ಆಕಾರದ ವಿಷಯದಲ್ಲೂ ಹೀಗೆಯೇ. ಮೈಕೈ ತುಂಬಿಕೊಂಡ ನಾಯಕಿಯರನ್ನು ಮೆಚ್ಚಿದ್ದ ನಮ್ಮ ಚಿತ್ರರಂಗ ಕೆಲವೇ ದಶಕಗಳಲ್ಲಿ ಸೈಜ್ ಝೀರೋ ಕಡೆಗೆ ಹೊರಳಿತು. ಹುಡುಗರಿಗೆ ಸಿಕ್ಸ್ ಪ್ಯಾಕ್ ಬಂದಿತು, ಜಿಮ್ಮಿನ ಜೊತೆಗೆ ಪ್ರೋಟೀನ್ ಪುಡಿ, ಕೆಲವರ ಪಾಲಿಗೆ ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡುಗಳೂ ಬಂದವು. ಇವು ವೀರ್ಯಾಣುಗಳ ಉತ್ಪತ್ತಿಯನ್ನು ಕುಗ್ಗಿಸಿ ಹೃದಯಕ್ಕೂ ಹಾನಿ ಮಾಡುತ್ತವೆಂಬುದು ಹುಡುಗರಿಗೆ ತಿಳಿಯುವುದು ತಡವಾಗಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಮೃತಪಟ್ಟರು. ಅವರ ವಯಸ್ಸು 21. ಕ್ಯಾಮೆರಾದ ಮುಂದೆ ನಿಲ್ಲುವ ಕೆಲಸದಲ್ಲಿದ್ದ ಆ ಹುಡುಗಿಯ ನಿರ್ಧಾರವನ್ನು ಶೋಕಿಯೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಇನ್ನು ಮೊಬೈಲಿನ ಮಾತು. ಹಿಂದೆ ಹೋಲಿಕೆ ಇದ್ದದ್ದು ತಾರೆಯರೊಡನೆ. ಅವರು ನಮ್ಮವರಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಫಿಲ್ಟರ್ ಬಂದ ಮೇಲೆ ಹುಡುಗಿ ತನ್ನನ್ನು ಹೋಲಿಸಿಕೊಳ್ಳುತ್ತಿರುವುದು ತನ್ನದೇ ತಿದ್ದಿದ ಮುಖದೊಡನೆ, ಆ ಹೋಲಿಕೆಯಲ್ಲಿ ಪ್ರತಿದಿನವೂ ಸೋಲುತ್ತಾಳೆ. ಕ್ಯಾಮೆರಾ ಕೂಡ ನಿಷ್ಪಕ್ಷಪಾತಿಯಲ್ಲ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಐದಡಿ ದೂರದ ಚಿತ್ರಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಸೂರಕ್ಕೆ ಹತ್ತಿರವಿರುವ ಭಾಗ ದೊಡ್ಡದಾಗಿ ಕಾಣುವುದು ಬೆಳಕಿನ ಸಹಜ ನಿಯಮ. ಅದನ್ನು ತಿಳಿಯದ ಮಗು ತಪ್ಪನ್ನು ತನ್ನ ಮೂಗಿನ ಮೇಲೆ ಹೊರಿಸಿಕೊಳ್ಳುತ್ತದೆ. 2021ರಲ್ಲಿ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹಾಗೆನ್ ಬಯಲಿಗೆ ತಂದ ಫೇಸ್‌ಬುಕ್ ಕಂಪನಿಯ ಒಳದಾಖಲೆಗಳಲ್ಲಿ, ತಮ್ಮ ದೇಹದ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತೆಂದು ಶೇ. 32ರಷ್ಟು ಹದಿಹರೆಯದ ಹುಡುಗಿಯರು ಹೇಳಿದ್ದು ದಾಖಲಾಗಿತ್ತು. ಅಂಕಿಯನ್ನು ಸಂದರ್ಭದಿಂದ ಬೇರ್ಪಡಿಸಿ ಹೇಳಲಾಗಿದೆ ಎಂಬುದು ಕಂಪನಿಯ ವಾದವಾಗಿತ್ತು. ಇಲ್ಲಿಯೂ ಸುಂಕದ ಪ್ರಶ್ನೆಯೇ ಇದೆ: ರೀಲ್ಸ್ ನೋಡುವವರ ಸಂಖ್ಯೆಯಿಂದ ಹಣ, ಹೆಸರು ಎರಡೂ ಬರುತ್ತಿರುವಾಗ, ಹಾವೇರಿಯ ಹುಡುಗಿಯಾಗಲಿ ಹೊಸಪೇಟೆಯ ಹುಡುಗನಾಗಲಿ ಮುಖವನ್ನು ತಿದ್ದಿಕೊಳ್ಳುವುದು ವ್ಯವಹಾರದ ಲೆಕ್ಕಾಚಾರ. ಅದನ್ನು ಹೀಗಳೆಯುವ ಮುನ್ನ, ಅದೇ ಮಕ್ಕಳನ್ನು ಮದುವೆಮನೆಯಲ್ಲಿ ಕಂಡು 'ಯಾಕೆ ಇಷ್ಟು ಕಪ್ಪಾದೆ?' ಎಂದು ಕೇಳಿದ ನೆಂಟರು ಯಾರೆಂಬುದನ್ನೂ ನಾವು ನೆನೆಯಬೇಕಾಗುತ್ತದೆ.

ಹಾನಿ ಕೇವಲ ಮನಸ್ಸಿನದಲ್ಲವಾದ್ದರಿಂದ ಒಂದು ವಿಷಯವನ್ನು ತುಸು ವಿವರವಾಗಿ ಹೇಳಬೇಕು. ಮುಖದ ಬಂಗಿಗೆಂದು ವೈದ್ಯರು ಸೀಮಿತ ಅವಧಿಗೆ ಬರೆದುಕೊಡುವ ಕೆಲವು ಮುಲಾಮುಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಹಾಗೂ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸೇರಿರುತ್ತವೆ. ಗೆಳತಿಯೋ ಅಂಗಡಿಯವರೋ ಹೇಳಿದರೆಂದು ಬಿಳುಪಿಗಾಗಿ ಇವನ್ನು ತಿಂಗಳುಗಟ್ಟಲೆ ಹಚ್ಚಿಕೊಳ್ಳುವವರಿದ್ದಾರೆ. ಮೊದಲಿಗೆ ಮುಖ ತಿಳಿಯಾಗುತ್ತದೆ, ಅದೇ ಅದರ ಮೋಸ. ಕ್ರಮೇಣ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಕೂದಲು ಬೆಳೆಯುತ್ತದೆ, ಹಚ್ಚುವುದನ್ನು ನಿಲ್ಲಿಸಿದೊಡನೆ ಉರಿ ಶುರುವಾಗುತ್ತದೆ. ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮವನ್ನು ಬಿಗಿಗೊಳಿಸಿದೆ. ಇನ್ನು, ಲೇಬಲ್ ಸರಿಯಿಲ್ಲದ ಅಗ್ಗದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಯಿತು.

ಆದ್ದರಿಂದ ನಿಮ್ಮ ಮನೆಯಲ್ಲಿ ಇಂಥ ಟ್ಯೂಬಿದ್ದರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಎಡಬದಿಯಲ್ಲಿ ಕೆಂಪು ಗೆರೆಯಿದ್ದರೆ ಅದು ಸೌಂದರ್ಯವರ್ಧಕವಲ್ಲ, ಚೀಟಿ ಬೇಕಾದ ಔಷಧ. ಇಂಥ ಸ್ಟೀರಾಯ್ಡ್ ಮುಲಾಮನ್ನು ಬಹುಕಾಲದಿಂದ ಬಳಸುತ್ತಿರುವವರು ಗಾಬರಿಯಿಂದ ಒಮ್ಮೆಲೇ ಬಿಟ್ಟುಬಿಡಬೇಡಿ. ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿಗೆ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಚರ್ಮರೋಗ ವಿಭಾಗಗಳಿರುತ್ತವೆ. ಹಚ್ಚಿಕೊಳ್ಳುತ್ತಿರುವ ಮಕ್ಕಳನ್ನು ಬೈಯದೆ ಜೊತೆಗೆ ಕರೆದೊಯ್ಯಿರಿ. ಬೈಗುಳಕ್ಕೆ ಹೆದರಿದವರು ಟ್ಯೂಬನ್ನು ಮುಚ್ಚಿಡುತ್ತಾರೆ, ಹಚ್ಚುವುದನ್ನು ಬಿಡುವುದಿಲ್ಲ.

ನಮಸ್ಕಾರ.