ಹಟ ಅಂತ ಬರೆಯುವ ಮೊದಲು ಆಕ್ಸಿಜನ್ ನೋಡಿ

ನಮಸ್ಕಾರ. ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರುವ ಮಗುವಿಗೆ ಅಸ್ತಮಾ ಜೋರಾಗಿ, ರಾತ್ರಿ ಹೊತ್ತು ಎಮರ್ಜೆನ್ಸಿಗೆ ಕರೆದುಕೊಂಡು ಬಂದಿದ್ದಾರೆ ಅಂದುಕೊಳ್ಳಿ. ಮಗು ಕಿರುಚುತ್ತದೆ, ಮಾಸ್ಕ್ ಕಿತ್ತೆಸೆಯುತ್ತದೆ, ಹಿಡಿಯಲು ಬಂದವರ ಕೈ ಕಚ್ಚುತ್ತದೆ. ಅಲ್ಲಿರುವವರಿಗೆ ಮೊದಲು ಕಾಣುವುದು ಹಟ. ನಾನು ಇವತ್ತು ಕೇಳಿಕೊಳ್ಳುವುದು ಒಂದೇ. ಆ ಚಡಪಡಿಕೆಯನ್ನು ಮೊದಲು ಉಸಿರಿನ ತೊಂದರೆ ಅಂತಲೇ ನೋಡಿ. ಆಕ್ಸಿಜನ್ ಸರಿಯಿದೆ ಎಂದು ಗೊತ್ತಾದ ಮೇಲೆ ಆಟಿಸಂ ವಿಚಾರಕ್ಕೆ ಬನ್ನಿ.

ನಾನು ಮಂಡ್ಯದವಳು. ಡಾಕ್ಟರ್ ಅಲ್ಲ. ನನ್ನ ಮಗನಿಗೆ ಆಟಿಸಂ ಇದೆ, ಅಸ್ತಮಾನೂ ಇದೆ, ಮಾತು ತೀರಾ ಕಡಿಮೆ. ಎರಡೂ ಒಟ್ಟಿಗೆ ಇರುವ ಮಕ್ಕಳನ್ನು ಥೆರಪಿಗೆ ಹೋದ ಕಡೆಯೆಲ್ಲ ನೋಡುತ್ತಿರುತ್ತೇನೆ. ಆಟಿಸಂನ ಹಾಗೆ ಬೆಳವಣಿಗೆಯ ಇನ್ನೊಂದು ತೊಂದರೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದೆ ಅತಿಯಾಗಿ ಚಡಪಡಿಸುವುದು. ಅಸ್ತಮಾ ಇರುವ ಮಕ್ಕಳಲ್ಲಿ ಅದು ಜಾಸ್ತಿ ಕಾಣುತ್ತದೆ ಎಂದು ದೊಡ್ಡ ದೊಡ್ಡ ಅಧ್ಯಯನಗಳೂ ಹೇಳಿವೆ.

ಅಸ್ತಮಾ ಜೋರಾದಾಗ ಒಳಗೆ ಏನಾಗುತ್ತದೆ ನೋಡಿ. ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟಿಕೊಳ್ಳುತ್ತದೆ. ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಎಂಥವರಿಗೂ ಚಡಪಡಿಕೆ ಬರುತ್ತದೆ. ಬೇರೆ ಮಗು "ಅಮ್ಮಾ, ಉಸಿರು ಕಟ್ಟುತ್ತಿದೆ" ಎನ್ನುತ್ತದೆ. ಮಾತು ಬಾರದ ಮಗು ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಎರಡರ ಅರ್ಥವೂ ಒಂದೇ ಇರಬಹುದು ಅಲ್ವಾ?

ಇನ್ನೊಂದು ವಿಷಯ ಎಲ್ಲ ತಂದೆ ತಾಯಂದಿರಿಗೂ ಗೊತ್ತಿರಲೇಬೇಕು. ಅಷ್ಟು ಹೊತ್ತು ಒದ್ದಾಡಿದ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತದೆ. ಸದ್ಯ, ಸಮಾಧಾನ ಆಯಿತು ಎಂದು ಎಲ್ಲರೂ ಉಸಿರು ಬಿಡುತ್ತಾರೆ. ಆದರೆ ಅದು ಸುಸ್ತಾಗಿ ಸೋತ ಲಕ್ಷಣವೂ ಆಗಿರಬಹುದು. ಹಾಗೆಯೇ ಎದೆಯ ಸುಯ್ ಸುಯ್ ಸದ್ದು ನಿಂತಿತು ಅಂದರೆ ವಾಸಿಯಾಯಿತು ಅಂತ ಅಲ್ಲ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲದೆ ಇರಬಹುದು. ಅದು ಅಸ್ತಮಾದ ಅತಿ ಅಪಾಯದ ಹಂತ. ಇಂಥ ಹೊತ್ತಿನಲ್ಲಿ "ಬಹಳ ಗಲಾಟೆ ಮಾಡುತ್ತಿದ್ದಾನೆ, ನಿದ್ದೆ ಬರುವ ಔಷಧಿ ಕೊಟ್ಟುಬಿಡೋಣ" ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಅಸ್ತಮಾ ಜೋರಾಗಿರುವಾಗ ಮಂಪರು ತರಿಸುವ ಔಷಧಿ ಕೊಡಬಾರದು ಎಂದು ಚಿಕಿತ್ಸೆಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ.

ಒಂದು ರಾತ್ರಿ, ಆಸ್ಪತ್ರೆಯ ಹೆಸರು ಬೇಡ, ನನ್ನ ಮಗನ ಕೇಸ್ ಶೀಟಿನಲ್ಲಿ "ಪರೀಕ್ಷೆಗೆ ಸಹಕರಿಸುತ್ತಿಲ್ಲ" ಎಂದು ಬರೆದರು. ಮೂವರು ಹಿಡಿದುಕೊಂಡು ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಲು ನೋಡಿದರು. ಅವನು ಕೈ ಒದರಿದಷ್ಟೂ ನಂಬರ್ ಏನೇನೋ ತೋರಿಸುತ್ತಿತ್ತು. "ಮಿಷನ್ ಸರಿಯಾಗಿ ಹಿಡಿಯುತ್ತಿಲ್ಲ, ಆಮೇಲೆ ನೋಡೋಣ" ಎಂದು ಹೊರಟರು. ಆಗ ಒಬ್ಬ ಹಿರಿಯ ಸಿಸ್ಟರ್ ಬಂದು, "ಅಮ್ಮ, ನೀವು ಎತ್ಕೊಂಡೇ ಇರಿ, ನಾನು ಕಾಲ್ಬೆರಳಿಗೆ ಹಾಕ್ತೀನಿ" ಎಂದರು. ಕಾಲಿಗೆ ಕ್ಲಿಪ್ ಹಾಕಿ ಮೇಲೆ ಸಾಕ್ಸ್ ಏರಿಸಿದರು. ಅವನ ಕಣ್ಣಿಗೆ ಅದು ಬೀಳಲೇ ಇಲ್ಲ. ಎರಡು ನಿಮಿಷ ಕಾದರು. ರಕ್ತದ ಆಕ್ಸಿಜನ್ ಶೇಕಡಾ 89 ತೋರಿಸಿತು. 92ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ಅಸ್ತಮಾ. ಆಮೇಲೆ ಹಟದ ಮಾತನ್ನು ಯಾರೂ ಎತ್ತಲಿಲ್ಲ. ಆ ಸಿಸ್ಟರಿಗೆ ಬೇಕಾದದ್ದು ಹೊಸ ಉಪಕರಣವಲ್ಲ, ಒಂದು ಸಾಕ್ಸ್ ಮತ್ತು ಎರಡು ನಿಮಿಷದ ತಾಳ್ಮೆ.

ಔಷಧಿಯನ್ನು ಹಬೆ ಮಾಡಿ ಉಸಿರಿಗೆ ಕೊಡುವ ಯಂತ್ರ, ನೆಬುಲೈಸರ್ ವಿಷಯಕ್ಕೆ ಬರೋಣ. ಗುರ್ ಎನ್ನುವ ಸದ್ದು, ಮುಖದ ಮೇಲೆ ತಣ್ಣನೆಯ ಹಬೆ, ಬಿಗಿಯಾದ ಮಾಸ್ಕ್, ಅದೂ ಹತ್ತು ನಿಮಿಷ. ಸದ್ದು, ಸ್ಪರ್ಶ ತಡೆಯಲಾಗದ ಮಗುವಿಗೆ ಇದು ಹಿಂಸೆ. ಸಾಧಾರಣ ಮಟ್ಟದ ಅಸ್ತಮಾಗೆ ಸ್ಪೇಸರ್, ಅಂದರೆ ಇನ್‌ಹೇಲರಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಹಾಕಿ ಇನ್‌ಹೇಲರ್ ಕೊಟ್ಟರೂ ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ. ಇದು ಮತ್ತೆ ಮತ್ತೆ ಸಾಬೀತಾಗಿರುವ ವಿಷಯ. ಸದ್ದಿಲ್ಲ, ಬೇಗ ಮುಗಿಯುತ್ತದೆ, ಮಗು ತಾಯಿಯ ಮಡಿಲಲ್ಲೇ ಕೂತಿರಬಹುದು. ಆದರೂ ನಮ್ಮ ಊರುಗಳಲ್ಲಿ ಮಗು ಕೆಮ್ಮಿದರೆ ಸಾಕು, ನೆಬುಲೈಸರ್. ಮನೆಯಲ್ಲಿ ಅಜ್ಜಿ ತಾತಂದಿರು ಬೇರೆ, ಪಂಪ್ ಅಭ್ಯಾಸ ಆಗಿಬಿಡುತ್ತದೆ ಎಂದು ಹೆದರಿಸುತ್ತಾರೆ. ಅಭ್ಯಾಸ ಆಗುವುದಿಲ್ಲ. ದಿನಾ ತೆಗೆದುಕೊಳ್ಳಲು ಬರೆದುಕೊಟ್ಟ ಇನ್‌ಹೇಲರನ್ನು ಅರ್ಧಕ್ಕೆ ಬಿಟ್ಟಾಗಲೇ ಎಷ್ಟೋ ಮಕ್ಕಳು ಮತ್ತೆ ಆಸ್ಪತ್ರೆ ಸೇರುತ್ತಾರೆ.

ನಮ್ಮ ಮಕ್ಕಳಿಗೆ ಸ್ಪೇಸರನ್ನು ಚೆನ್ನಾಗಿರುವ ದಿನಗಳಲ್ಲೇ ರೂಢಿ ಮಾಡಿಸಬೇಕು. ಮೊದಲು ಸುಮ್ನೆ ಆಟಕ್ಕೆ ಕೊಡಿ. ಗೊಂಬೆಗೆ ಹಾಕಲಿ, ಅಪ್ಪನಿಗೆ ಹಾಕಲಿ. ಆಮೇಲೆ ಔಷಧಿ ಇಲ್ಲದೆ ಮುಖಕ್ಕೆ ಹಿಡಿದು ಒಂದರಿಂದ ಐದರವರೆಗೆ ಎಣಿಸಿ. ದಿನಾ ಅದೇ ಹೊತ್ತು, ಅದೇ ಜಾಗ. ಆಸ್ಪತ್ರೆಗೆ ಹೋಗುವಾಗಲೂ ಮನೆಯ ಸ್ಪೇಸರನ್ನೇ ತೆಗೆದುಕೊಂಡು ಹೋಗಿ. ಗುರುತಿರುವ ವಸ್ತು ಕೈಯಲ್ಲಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಔಷಧಿಯಿಂದಲೂ ಗೊಂದಲ ಆಗುತ್ತದೆ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟ ಮೇಲೆ ಎದೆ ಜೋರಾಗಿ ಬಡಿದುಕೊಳ್ಳಬಹುದು, ಕೈ ನಡುಗಬಹುದು. ಸ್ಟೀರಾಯ್ಡ್ ಸಿರಪ್ಪಿನಿಂದ ನಿದ್ದೆ ಕೆಡಬಹುದು, ಸಿಟ್ಟು ಬರಬಹುದು. ಮಾಂಟೆಲುಕಾಸ್ಟ್ ಅಂತೂ ನೆಗಡಿ, ಅಲರ್ಜಿ, ಕೆಮ್ಮು ಎಲ್ಲಕ್ಕೂ ನಮ್ಮಲ್ಲಿ ಧಾರಾಳವಾಗಿ ಬರೆಯುವ ಔಷಧಿ. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಹೊಡೆಯುವುದು, ಮಂಕಾಗುವುದು ಇಂಥ ಮನಸ್ಸಿನ ಬದಲಾವಣೆ ಆಗಬಹುದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅದಕ್ಕೆ ತನ್ನ ಅತಿ ಕಠಿಣ ಎಚ್ಚರಿಕೆ ಹಾಕಿಸಿತು. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೆ ಆಟಿಸಂ ಇರುವ ಮಗು ರಾತ್ರಿ ಎದ್ದು ಕೂಗಿದರೆ "ಅದು ಹಾಗೇನೇ" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಹೊಸ ಔಷಧಿ ಶುರುವಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ನಡವಳಿಕೆ ಬದಲಾದರೆ ನೀವೇ ನಿಲ್ಲಿಸಬೇಡಿ, ಆ ತಾರೀಖು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಇನ್ನು ಕ್ಯೂ. ಚೀಟಿ ಮಾಡಿಸಲು ಒಂದು ಸಾಲು, ಡಾಕ್ಟರನ್ನು ನೋಡಲು ಒಂದು ಸಾಲು, ರಕ್ತ ಪರೀಕ್ಷೆಗೆ ಇನ್ನೊಂದು. ಟ್ಯೂಬ್‌ಲೈಟ್, ಫಿನಾಯಿಲ್ ವಾಸನೆ, ಅಳುವ ಮಕ್ಕಳು, ಜನ. ಡಾಕ್ಟರು ನೋಡುವ ಹೊತ್ತಿಗೆ ನಮ್ಮ ಮಗು ಪೂರ್ತಿ ಕುಸಿದಿರುತ್ತದೆ. ನಮ್ಮ ಮಗುವನ್ನು ಮೊದಲು ನೋಡಿ ಎಂದರೆ ಹಿಂದಿನಿಂದ ಗೊಣಗಾಟ ಶುರು. ಆದರೆ ನಾವು ಕೇಳುತ್ತಿರುವುದು ಉಪಕಾರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ನಿನಲ್ಲೇ ಇದೆ. ಅಂಗವಿಕಲರನ್ನು ನೋಡುವುದರಲ್ಲಿ, ಚಿಕಿತ್ಸೆ ಕೊಡುವುದರಲ್ಲಿ ಆದ್ಯತೆ ಸಿಗುವಂತೆ ಸರ್ಕಾರ ಮಾಡಬೇಕು. ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಗಳಲ್ಲೂ ಅಡೆತಡೆ ಇರಬಾರದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಆ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಇದೆ, ಸೆರೆಬ್ರಲ್ ಪಾಲ್ಸಿ ಇದೆ, ಕಲಿಕೆಯ ತೊಂದರೆಯೂ ಇದೆ. ಎಡಿಎಚ್‌ಡಿ ಹೆಸರು ಇಲ್ಲ. ಅದು ನನಗೆ ಸರಿ ಕಾಣುವುದಿಲ್ಲ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ, ಮಾಡಿಸಿಕೊಂಡವರು ಕೌಂಟರಿನಲ್ಲಿ ಸಂಕೋಚ ಬಿಟ್ಟು ತೋರಿಸಿ.

ಮೈಸೂರಿಗೆ ಇರುವ ಅನುಕೂಲ ಬೇರೆ ಎಷ್ಟೋ ಊರುಗಳಿಗೆ ಇಲ್ಲ. ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ವಾಕ್ ಶ್ರವಣ ಸಂಸ್ಥೆ, ಅಂದರೆ ನಮ್ಮ ಆಯಿಷ್ ಇದೆ. ಮಾತಿಲ್ಲದ ಮಕ್ಕಳು ಚಿತ್ರ ತೋರಿಸಿ ಹೇಳಿಕೊಳ್ಳುವುದನ್ನು ಕಲಿಸುವ ತಜ್ಞರು ಅಲ್ಲಿದ್ದಾರೆ. ಅದೇ ಊರಿನಲ್ಲಿ ಹೆಂಗಸರು, ಮಕ್ಕಳ ಚೆಲುವಾಂಬ ಆಸ್ಪತ್ರೆ ಇದೆ, ಮೈಸೂರು ಮೆಡಿಕಲ್ ಕಾಲೇಜು ಇದೆ. ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್ ಇದೆ, ನಡುವೆ ಒಂದು ಗಂಟೆಯ ದಾರಿ. ಇವರೆಲ್ಲ ಒಂದು ಮೇಜಿನ ಸುತ್ತ ಕೂತು, ಎಮರ್ಜೆನ್ಸಿಯಲ್ಲಿ ಇಡಲು ಕನ್ನಡದ ಒಂದು ಚಿತ್ರದ ಹಾಳೆ ಮಾಡಲಿ. ಎದೆ, ಉಸಿರು, ನೋವು, ನೀರು, ಸಾಕು, ಅಮ್ಮ. ಒಂದು ರಟ್ಟಿಗೆ ಅಂಟಿಸಿ ಲ್ಯಾಮಿನೇಷನ್ ಮಾಡಿ ಮಂಚಕ್ಕೆ ನೇತುಹಾಕಿದರೆ ಎಷ್ಟು ಖರ್ಚಾದೀತು? ಡ್ಯೂಟಿಯಲ್ಲಿರುವ ಡಾಕ್ಟರು, ಸಿಸ್ಟರುಗಳ ಮೇಲೆ ಎಷ್ಟು ಹೊರೆ ಇದೆ ಎಂದು ನನಗೆ ಗೊತ್ತು. ಇಂಥ ಹಾಳೆಯಿಂದ ಅವರ ಕೆಲಸವೂ ಹಗುರಾಗುತ್ತದೆ.

ಅದು ಬರುವವರೆಗೆ ನಾವೇ ಒಂದು ಕಾಗದ ಬರೆದು ಬ್ಯಾಗಿನಲ್ಲಿ ಇಟ್ಟುಕೊಳ್ಳೋಣ. ನನ್ನ ಮಗನ ಕಾಗದದಲ್ಲಿ ಔಷಧಿಗಳ ಹೆಸರು, ಡೋಸ್ ಇವೆ. ಚೆನ್ನಾಗಿದ್ದಾಗ ಅವನ ಆಕ್ಸಿಜನ್ ಎಷ್ಟಿರುತ್ತದೆ ಎಂದಿದೆ. ಉಸಿರು ಕಟ್ಟಿದಾಗ ಏನು ಮಾಡುತ್ತಾನೆ ಎಂದಿದೆ: ಮಲಗಲು ಒಪ್ಪುವುದಿಲ್ಲ, ಅನ್ನ ದೂಡುತ್ತಾನೆ, ಕತ್ತು ಮುಂದೆ ಚಾಚುತ್ತಾನೆ. ಕ್ಲಿಪ್ ಕಾಲಿಗೆ ಹಾಕಿ ಎಂದಿದೆ. ಆಲೆಮನೆ ಹೊಗೆ, ಗದ್ದೆಯಲ್ಲಿ ಕಬ್ಬಿನ ತರಗು ಸುಟ್ಟ ಹೊಗೆ, ಊದುಬತ್ತಿ, ಇವು ಅವನಿಗೆ ಆಗುವುದಿಲ್ಲ ಎಂದಿದೆ. ಕೆಳಗೆ ನಮ್ಮಿಬ್ಬರ ಫೋನ್ ನಂಬರ್. ಒಂದು ಪ್ರತಿ ಶಾಲೆಯಲ್ಲಿದೆ, ಒಂದು ಅವನ ಅಜ್ಜಿಯ ಹತ್ತಿರ, ಇನ್ನೊಂದನ್ನು ಆಸ್ಪತ್ರೆಯ ಫೈಲಿಗೆ ಪಿನ್ ಮಾಡಿಸಿದ್ದೇನೆ. ನಿಮ್ಮ ಮಗುವಿನ ಕಾಗದವನ್ನು ಮಗು ಚೆನ್ನಾಗಿರುವಾಗಲೇ ಬರೆಯಿರಿ. ಬರೆದದ್ದನ್ನು ಮುಂದಿನ ಸಲ ಹೋದಾಗ ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ, ಡೋಸ್ ಸರಿಯಿದೆಯಾ ಎಂದು ಕೇಳಿ, ಅವರ ಸಹಿ ಹಾಕಿಸಿಕೊಳ್ಳಿ.