ಬಾದಾಮಿ ಗಣಗಳ ಸಣ್ಣ ದಂಡು

ಎಲ್ಲರಿಗೂ ನಮಸ್ಕಾರ್ರಿ. ಬಾದಾಮಿ ಗವಿಗೆ ನೀವು ಹೋಗಿರ್ತೀರಿ, ಒಂದನೇ ಗವಿಯೊಳಗ 18 ಕೈ ನಟರಾಜನ ಮುಂದ ನಿಂತು ಫೋಟೋನೂ ತಗೊಂಡಿರ್ತೀರಿ, ಆದ್ರ ಅಲ್ಲೇ ಕೆಳಗ ಕಟ್ಟಿ ಉದ್ದಕ್ಕೂ ಸಾಲಾಗಿ ಕೆತ್ಯಾರಲ್ರಿ ಗಿಡ್ಡ ಗಣಗಳು, ಅವನ್ನ ಕುಕ್ಕರಗಾಲಿಲೆ ಕುಂತು ನೋಡೀರೇನು? ಡೊಳ್ಳು ಹೊಟ್ಟಿ, ಮೋಟು ಕಾಲು, ಕುಣಿಯೋವ್ರು, ಬಾರಸೋವ್ರು, ಕೆಲವರಿಗೆ ಎತ್ತಿನ ಮುಖ, ಕುದರಿ ಮುಖ. ಮೂರನೇ ಗವಿಯೊಳಗ ಕ್ರಿ.ಶ. 578ರ ಚಾಲುಕ್ಯ ಮಂಗಲೇಶನ ಶಾಸನ ಐತಿ, ಅಂದ್ರ ಈ ಮಂದಿ ನಮ್ಮ ಕಡೆ 1400 ವರ್ಷದ ಮ್ಯಾಲಿಂದ ಅದಾರ. ನಾ ಇವರದೊಂದು ದಂಡು ಕಟ್ಟಾಕತ್ತೇನಿ, ಹೆಬ್ಬೆಟ್ಟಿನಷ್ಟು ಎತ್ತರದ್ದು, ಆಟ ಆಡಾಕ.

ಆಟ ಅಂದ್ರ ಟೇಬಲ್ ಮ್ಯಾಲೆ ಆಡೋ ಯುದ್ಧದಾಟ, ಟೇಪ್ ಹಿಡದು ಇಂಚು ಅಳದು ಪಡೆ ಸರಸೋದು, ದಾಳ ಒಗದು ಹೊಡತದ ಲೆಕ್ಕ ಹಾಕೋದು. 1983ರಾಗ ಬಂದ ವಾರ್‌ಹ್ಯಾಮರ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೇದು, ನಾವು ಆಡೋ ಕಿಂಗ್ಸ್ ಆಫ್ ವಾರ್ ಸೈತ ಅಲ್ಲೀದ. ಗೊಂಬಿ ಅಳತಿಗೆ 28 ಮಿಲಿಮೀಟರ್ ಅಂತಾರ, ಅದು ನಿಂತ ಮನಷ್ಯಾನ ಲೆಕ್ಕ, ಕುಳ್ಳರು, ಅಂದ್ರ ಇಂಗ್ಲಿಷ್ ಕಥಿಯೊಳಗಿನ ಡ್ವಾರ್ಫ್‌ಗಳು, ಅದಕ್ಕಿಂತ ಗಿಡ್ಡ. ಡಬ್ಬಿಯೊಳಗ ಬರೋ ಕುಳ್ಳರಿಗೆ ಮೊಣಕಾಲತನ ಗಡ್ಡ, ಕೈಯಾಗ ಕೊಡ್ಲಿ, ಮೈತುಂಬ ಕಬ್ಬಿಣ, ಹಿಮದ ಗುಡ್ಡದಾವ್ರು. ಬಾಳ ಚಂದ ಅದಾರ. ಆದ್ರ ಬಾಗಲಕೋಟಿ ಬಿಸಲಾಗ ಕುಂತು ಅವರ ಗಡ್ಡಕ್ಕ ಬಣ್ಣ ಹಚ್ಚೂಮುಂದ ಇವರು ನನಗ ಗುರ್ತಿನವ್ರು ಅಂತ ಅನಸಲೇ ಇಲ್ರಿ. ಅದಕ್ಕ ಈ ಕುಳ್ಳರನ್ನ ಕೊಯ್ದು ಬಾದಾಮಿ ಗಣ ಮಾಡಾಕತ್ತೇನಿ.

ಈ ಆಟದಾಗ ಪಡೆ ನಿಲ್ಲೋ ತಟ್ಟಿ ಅಳತಿ ಮುಖ್ಯ. ಕುಳ್ಳರ 20 ಮಂದಿ ಪಡೆಗೆ 100ಕ್ಕ 80 ಮಿಲಿಮೀಟರ್. ಸತ್ತವರನ್ನ ಒಬ್ಬೊಬ್ಬರನ್ನ ತೆಗಿಯೋದಿಲ್ಲ, ಹೋದ್ರ ಪಡೆನ ಪೂರಾ ಹೋಗತೈತಿ, ಹಂಗಾಗಿ ಎಲ್ಲಾರನ್ನೂ ಒಂದ ತಟ್ಟಿಗೆ ಅಂಟಿಸಿ ಒಂದು ಮೆರವಣಿಗಿನ ಕಟ್ಟಬಹುದು. ನಾ 14 ಮಂದಿ ನಿಲ್ಲಿಸೇನಿ, ಉಳದ ಜಾಗಕ್ಕ ಬಂಡಿಗಲ್ಲು.

ಈಗ ಕೊಯ್ಯೋ ಕೆಲಸ ಹೇಳ್ತೀನಿ. ಮೊದಲ ಗಡ್ಡ. ಹೊಸ ಬ್ಲೇಡ್ ಹಾಕಿ ತೆಳ್ಳಗ ಹೆರಕೋತ ಹೋಗ್ಬೇಕು, ಒಂದ ಸಲ ಕತ್ತರಸಾಕ ಹೋದ್ರ ಗದ್ದನೂ ಹೋಗತೈತಿ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂಡ್ಸಾಕ ಪ್ಲಾಸ್ಟಿಕ್ ಸಿಮೆಂಟ್ ಚಲೋ, ಅದು ಎರಡೂ ಕಡೆ ಕರಗಿಸಿ ಬೆಸಿತೈತಿ, ಲೋಹಕ್ಕ, ರೆಸಿನ್ನಿಗೆ ಮಾತ್ರ ಸೂಪರ್ ಗ್ಲೂ. ಕೊಡ್ಲಿ ತಗದು ಡೊಳ್ಳು ಕೊಡಬೇಕಂದ್ರ ಮಣಿಕಟ್ಟಿಗೆ 1 ಮಿಲಿಮೀಟರ್ ತೂತು ಹಾಕಿ ಹಿತ್ತಾಳಿ ತಂತಿ ಸೇರಸ್ರಿ, ಬರೇ ಅಂಟು ನಂಬಬ್ಯಾಡ್ರಿ, ಆಡೂಮುಂದ ಕೈ ತಾಕಿ ಮುರೀತಾವ. ಹೊಟ್ಟಿಗೆ ಎಂ-ಸೀಲ್. ಅದು ಗಟ್ಟಿ ಆಗತೈತಿ, ಉಜ್ಜಾಕ ಬರತೈತಿ, ಆದ್ರ ಲಗೂನ ಬಿಗಿತೈತಿ, ಹಂಗಾಗಿ ಗುಲಗಂಜಿಯಷ್ಟ ಕಲಸಿಕೊಳ್ರಿ. ಗುಂಗರ ಕೂದಲಕ್ಕ, ಕಚ್ಚಿ ನೆರಗಿಗೆ ಗ್ರೀನ್ ಸ್ಟಫ್, ಹಳದಿ ನೀಲಿ ಎರಡೂ ನಾದಿದ್ರ ಹಸರ ಆಗೋ ಪುಟ್ಟಿ, ಹತ್ರ ಹತ್ರ ತಾಸು ಮೆತ್ತಗ ಇರತೈತಿ. ಬೆರಳಿಗೆ, ಕಡ್ಡಿಗೆ ನೀರು ಹಚ್ಚಕೋತ ಇರ್ರಿ, ಇಲ್ಲಂದ್ರ ಪುಟ್ಟಿ ಗೊಂಬಿ ಬಿಟ್ಟು ಕೈಗೇ ಹತ್ತತೈತಿ. ಒಣಗಿದ್ದು ಉಜ್ಜೂಮುಂದ ಮಾಸ್ಕ್ ಹಾಕ್ಕೊಳ್ರಿ, ಆ ಧೂಳಿ ಎದಿಗೆ ಒಳ್ಳೇದಲ್ಲ.

ನಮ್ಮ ಬ್ಯಾಸಗಿ ಬಗ್ಗೆ ಒಂದು ಮಾತು. ಮೇ ತಿಂಗಳ ಮಧ್ಯಾಹ್ನ ಮಾಳಗಿ ಮ್ಯಾಲೆ ಪ್ರೈಮರ್, ಅಂದ್ರ ಬಣ್ಣಕ್ಕ ಮೊದಲ ಹೊಡಿಯೋ ತಳದ ಬಣ್ಣ, ಸ್ಪ್ರೇ ಹೊಡದೆ, ಬಣ್ಣ ಗಾಳ್ಯಾಗ ಒಣಗಿ ಗೊಂಬಿ ಮ್ಯಾಲೆ ರವಾ ಸುರವಿದಂಗ ಕುಂತಿತು, ತಿಂಗಳ ಕೆಲಸ. ಡೆಟಾಲ್‌ನ್ಯಾಗ ಒಂದು ದಿನ ನೆನಸಿ ಹಳೇ ಬ್ರಶ್‌ಲೆ ತಿಕ್ಕಿ ತಗದೆ, ನೀರು ಬೆರಸಬಾರ್ದು, ಬೆರಸಿದ್ರ ಬಣ್ಣ ಅಂಟಿನಂಗ ಆಗತೈತಿ. ಈಗ ನಸಕಿನ್ಯಾಗ ಹೊಡಿತೀನಿ, ಕರೀದು ಸುತ್ತಲೂ, ಬಿಳೀದು ಮ್ಯಾಲಿಂದ ಅಷ್ಟ, ಆಗ ನೆರಳು ಎಲ್ಲಿ ಬೀಳತೈತಿ ಗೊಂಬಿನ ತೋರಸತೈತಿ.

ಮೈಗೆ ಬಾದಾಮಿ ಕಲ್ಲಿನ ಕೆಂಪು, ನೀರು ಬೆರಸಿ ತೆಳ್ಳಗ ಎರಡು ಸಲ. ಮ್ಯಾಲೆ ಕಂದು ವಾಶ್, ಅಂದ್ರ ನೀರಿನಂಗ ತೆಳ್ಳನ ಬಣ್ಣ, ಅದು ತಗ್ಗಿಗೆ ಹರದು ಹೊಟ್ಟಿ ಮಡಿಕಿ ಎದ್ದು ಕಾಣಂಗ ಮಾಡತೈತಿ. ಸೊಂಟದ ಬಟ್ಟಿಗೆ ನಾ ಇಳಕಲ್ ಸೀರಿ ಸೆರಗು ಬರದೇನಿ, ಕೆಂಪಿನ್ಯಾಗ ಬಿಳಿ ಗೋಪುರದಂಗ ಏರೋ ತೋಪು ತೆನಿ. ಮೂರು ಮಿಲಿಮೀಟರ್ ಜಾಗದಾಗ ಅದನ್ನ ಹೆಂಗ ಬರೀತೀರಿ? ಬಿಳಿ ಪಟ್ಟಿ ಎಳದು, ಕೆಂಪಿಲೆ ಮ್ಯಾಲಿಂದ ಕಚ್ಚು ಹಾಕೋತ ಬರ್ರಿ, ತೆನಿ ತಾವ ಉಳಿತಾವ. ಸೀರಿ ಅಂಚಿನ ಗೋಮಿ ಚಿತ್ತಾರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ತಟ್ಟಿಗೆ ಹೊಲದ ಎರಿ ಮಣ್ಣು ಸೋಸಿ, ಹಂಚಿನ ಮ್ಯಾಲೆ ಹುರದು, ಫೆವಿಕಾಲ್ ನೀರಿಲೆ ಅಂಟಸೀನಿ.

ಹದಿಮೂರು ಮಂದಿ ತಯಾರ ಅದಾರ, ಎತ್ತಿನ ಮುಖದಾವ ಒಬ್ಬಾವ ಉಳದಾನ. ಮೂರು ಸಲ ಮುಖ ಮಾಡಿ ಕೆಡಸೀನಿ, ಫೋಟೋ ನೋಡಿ ಮಾಡಿದ್ರ ಬರವಲ್ದು. ಮೊನ್ನೆ ಮಣ್ಣೆತ್ತಿನ ಅಮಾಸಿಗೆ ಅವ್ವ ಎತ್ತು ಮಾಡೂಮುಂದ ನೋಡಿದೆ, ಆಕಿ ಮೂಗು ಅಂಟಸೂದಿಲ್ಲ, ಮುದ್ದಿಯಿಂದನ ಎರಡು ಬೆರಳಿಲೆ ಹಿಂಡಿ ಮುಂದಕ ಎಳಿತಾಳ, ಕೋಡು ಆಮ್ಯಾಲೆ. ನಿನ್ನೆ ರಾತ್ರಿ ಪುಟ್ಟಿ ಮುದ್ದಿ ಹಂಗ ಹಿಂಡೀನಿ. ಕಿಟಕ್ಯಾಗ ಒಣಗಾಕತ್ತೈತಿ.