ಕಟ್ಟುವ ಅಭ್ಯಾಸ

ಮಾನ್ಯರೇ,

ದುಡಿಮೆ ಮತ್ತು ಖರ್ಚಿನ ಕುರಿತು ಮಾತನಾಡಬೇಕೆಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ‘ಕಟ್ಟು’ ಎಂಬ ಕ್ರಿಯಾಪದ. ನಾವು ಚೀಟಿಯನ್ನೂ ಕಟ್ಟುತ್ತೇವೆ, ಸಾಲದ ಕಂತನ್ನೂ ಕಟ್ಟುತ್ತೇವೆ. ಗೊತ್ತಾದ ತಾರೀಖಿಗೆ ಗೊತ್ತಾದ ಮೊತ್ತ ಕೈಬಿಟ್ಟು ಹೋಗುವುದು ಎರಡರಲ್ಲೂ ಒಂದೇ. ಬ್ಯಾಂಕಿನ ಕೌಂಟರಿನ ಹಿಂದೆ ಬಹುಕಾಲ ಕುಳಿತ ನನಗೆ ಮನವರಿಕೆಯಾಗಿರುವುದೇನೆಂದರೆ, ದುಡಿಯುವ ವಯಸ್ಸಿನಲ್ಲಿ ಹಣ ಉಳಿಯುವುದು ಮನಸ್ಸಿನ ಗಟ್ಟಿತನದಿಂದಲ್ಲ, ಇಂಥದೊಂದು ಕಟ್ಟುಪಾಡಿನಿಂದ.

ಚೀಟಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಿಳಿದವರು ಮನ್ನಿಸಬೇಕು. ಇಪ್ಪತ್ತು ಜನ ತಿಂಗಳಿಗೆ 5,000 ರೂಪಾಯಿಯಂತೆ ಇಪ್ಪತ್ತು ತಿಂಗಳು ಕಟ್ಟುವ ಒಂದು ಲಕ್ಷದ ಚೀಟಿ ಎಂದಿಟ್ಟುಕೊಳ್ಳಿ. ಮಗಳ ಮದುವೆಯೋ ಕೊಳವೆಬಾವಿಯೋ ಎದುರಿಗಿರುವವರು 25,000 ರೂಪಾಯಿ ಬಿಟ್ಟುಕೊಡುತ್ತೇನೆಂದು ಹರಾಜಿನಲ್ಲಿ ಕೂಗಿ 75,000 ಎತ್ತುತ್ತಾರೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರಿಗೆ ಶೇಕಡಾ 5ರ ಲೆಕ್ಕದಲ್ಲಿ 5,000 ಹೋದರೆ, ಉಳಿದ 20,000 ಇಪ್ಪತ್ತು ಜನರಿಗೆ ಸಾವಿರದಂತೆ ಹಂಚಿಕೆಯಾಗುತ್ತದೆ. ಅವಸರವಿದ್ದವರು ಕಳೆದುಕೊಂಡದ್ದು ಕಾದವರ ಪಾಲಾಯಿತು. ಮೊದಲೇ ಎತ್ತಿದವರಿಗೆ ಅದು ಸಾಲ, ಕೊನೆಯವರೆಗೆ ತಾಳಿದವರಿಗೆ ಅದೇ ಉಳಿತಾಯ. ಸಾಲ ಮಾಡಿದವರೂ ಕೊಟ್ಟವರೂ ಒಂದೇ ಜಮಖಾನೆಯ ಮೇಲೆ ಕುಳಿತಿರುತ್ತಾರೆ. ಒಂದು ತಿಂಗಳು ತಪ್ಪಿಸಿದರೆ ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಅವರ ಮುಖವನ್ನೇ ನೋಡಬೇಕು. ಈ ಸಂಕೋಚವೇ ಚೀಟಿಯ ನಿಜವಾದ ಜಾಮೀನು.

ಚೀಟಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. 1982ರಲ್ಲೇ ಕೇಂದ್ರ ಸರ್ಕಾರ ಚಿಟ್ ಫಂಡ್ ಕಾಯ್ದೆ ತಂದಿತು, ನಮ್ಮ ರಾಜ್ಯದಲ್ಲಿ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಹಾಗಿದ್ದೂ ನೋಂದಣಿಯಿಲ್ಲದ ಚೀಟಿಗೆ ಹಣ ಕಟ್ಟಿ, ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಮೇಲೆ ಬಾಗಿಲ ಬೀಗ ನೋಡುತ್ತ ನಿಂತವರನ್ನು ನಾನು ಬಲ್ಲೆ.

ಈಗಿನ ಕಂತಿನಲ್ಲಿ ಆ ಸಂಕೋಚಕ್ಕೆ ಜಾಗವಿಲ್ಲ. ವಸ್ತು ಮೊದಲೇ ಮನೆಗೆ ಬಂದಿರುತ್ತದೆ. ಸಂಬಳ ಜಮೆಯಾದ ನಾಲ್ಕನೆಯ ದಿನವೋ ಐದನೆಯ ದಿನವೋ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುತ್ತದೆ, ಮೊಬೈಲಿಗೆ ಒಂದು ಸಾಲಿನ ಸಂದೇಶ ಬರುತ್ತದೆ. ‘ಬಡ್ಡಿಯೇ ಇಲ್ಲ’ ಎಂಬ ಫಲಕ ನೋಡಿ ಫೋನು ಕೊಂಡವರು ಒಂದು ವಿಷಯ ತಿಳಿದಿರಬೇಕು: ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬಡ್ಡಿ ಸಂಸ್ಕರಣಾ ಶುಲ್ಕದಲ್ಲಿಯೋ, ಕೈತಪ್ಪಿದ ರಿಯಾಯಿತಿಯಲ್ಲಿಯೋ ಅಡಗಿರುತ್ತದೆ. ಆದರೂ ನನ್ನ ತಕರಾರು ಬಡ್ಡಿಯ ಬಗ್ಗೆ ಅಷ್ಟಾಗಿ ಇಲ್ಲ. ಉಳಿಸಲು ಆಗುವುದೇ ಇಲ್ಲ ಎನ್ನುವ ಮನುಷ್ಯ ಮೂರು ವರ್ಷ ಒಂದು ತಿಂಗಳೂ ತಪ್ಪದೆ ಗಾಡಿಯ ಕಂತು ಕಟ್ಟುತ್ತಾನಲ್ಲ, ಆ ಶಿಸ್ತು ಎಲ್ಲಿಂದ ಬಂತು ಎಂಬುದು ನನ್ನ ಕುತೂಹಲ.

ಸಾಲ ತೀರಿಸಿ ಋಣಮುಕ್ತ ಪತ್ರ ಪಡೆಯಲು ಬಂದವರಿಗೆಲ್ಲ ನಾನು ಒಂದು ಆರ್.ಡಿ. ಅರ್ಜಿಯನ್ನೂ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ ಠೇವಣಿಯ ಅರ್ಜಿಯನ್ನೂ, ಮುಂದಿಡುತ್ತಿದ್ದೆ. ಅದೇ ಮೊತ್ತ, ಅದೇ ತಾರೀಖು, ಈ ಬಾರಿ ನಿಮ್ಮ ಹೆಸರಿಗೇ ಜಮೆ ಎಂದು ಹೇಳುತ್ತಿದ್ದೆ. ಬ್ಯಾಂಕು ಬೇಡವೆಂದರೆ ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಐದು ವರ್ಷದ ಆರ್.ಡಿ. ತೆರೆಯಬಹುದು. ಹೆಚ್ಚಿನವರು ಮುಂದಿನ ತಿಂಗಳು ನೋಡೋಣ ಸಾರ್ ಎಂದು ನಕ್ಕು ಹೋಗುತ್ತಿದ್ದರು. ಕೆಲವು ತಿಂಗಳ ನಂತರ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕಾಗ, ಕಂತಿನ ಆ ಹಣ ಈಗ ಏನಾಗುತ್ತಿದೆ ಎಂದು ವಿಚಾರಿಸುತ್ತಿದ್ದೆ. ಅವರು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರು. ಉತ್ತರ ಹೊಳೆಯದೆ, ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡುತ್ತಿದ್ದರು.